ಚಳವಳಿಯ ಒಳಗಿನವರೇ ಮಾಡಿದ ಸಿನಿಮಾವನ್ನು ನಂಬಬಹುದಾ?

ಹಳೇರೀಲು:
ಉಗ್ರ ರಾಜಕೀಯ ಚಳವಳಿಗಳ ಮೇಲೆ ಬಂದ ಸಿನಿಮಾಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ. 'ದಿ ಬ್ಯಾಟಲ್ ಆಫ್ ಅಲ್ಜೀರ್ಸ್' (1966) ಹತ್ತಿರ ಬಂದು ತಲೆ ಕೆಟ್ಟಿದೆ. ಫ್ರಾನ್ಸ್ ವಿರುದ್ಧ ಅಲ್ಜೀರಿಯಾ ನಡೆಸಿದ ಸ್ವಾತಂತ್ರ್ಯ ಹೋರಾಟದ ಕತೆ ಅದು. ಅದರ ನಿರ್ಮಾಪಕ ಸಾದಿ ಯಾಸೆಫ್ ಆ ಹೋರಾಟದ ಮುಖಂಡನಾಗಿದ್ದವನೇ, ಸಾಲದ್ದಕ್ಕೆ ತನ್ನನ್ನೇ ಹೋಲುವ ಪಾತ್ರವನ್ನೂ ಮಾಡಿದ್ದಾನೆ! ಇದಕ್ಕಿಂತ ದೂರ ನಿಂತು ನೋಡಿದವರ ಸಿನಿಮಾನೇ ವಾಸಿ ಅಲ್ವಾ?

ಕತ್ತಲಕೋಣೆ:
ದೂರ ನಿಂತವರಿಗೆ ಹೊಗೆ ಮಾತ್ರ ಕಾಣುತ್ತದೆ ಮಾರಾಯ್ರೇ. ಅದರಲ್ಲಿ ಬಾಂಬ್ ಇಡುವ ದೃಶ್ಯ ನೆನಪಿದೆಯಾ? ಸ್ಫೋಟಕ್ಕೆ ಮುಂಚೆ ಕ್ಯಾಮೆರಾ ಅಲ್ಲಿ ಕೂತಿರುವವರ ಮುಖಗಳ ಮೇಲೆ ಸುಮ್ನೆ ಓಡಾಡುತ್ತದೆ, ಐಸ್‌ಕ್ರೀಮ್ ನೆಕ್ಕುತ್ತಿರುವ ಪುಟ್ಟ ಮಗುವನ್ನೂ ಬಿಡುವುದಿಲ್ಲ. ಬರೀ ಪ್ರಚಾರ ಬೇಕಿದ್ದವನು ಆ ಮಗುವನ್ನು ಕತ್ತರಿಸಿ ಎಸೆಯುತ್ತಿದ್ದ. ಇನ್ನೊಂದು ತಮಾಷೆ, 2003ರಲ್ಲಿ ಇದೇ ಸಿನಿಮಾವನ್ನು ಅಮೆರಿಕದ ರಕ್ಷಣಾ ಇಲಾಖೆಯ ಕೇಂದ್ರ ಪೆಂಟಗನ್‌ನಲ್ಲಿ ಪಾಠದ ಹಾಗೆ ತೋರಿಸಿದರು.

ಮಸಿಕುಡಿಕೆ:
ನಂಬುವುದು ಬಿಡುವುದು ನೋಡುವವರ ತಲೆನೋವು. ಕ್ಯಾಮೆರಾ ಮುಂದೆ ನಿಂತವರ ಕತೆ ಏನು? ಫ್ರೆಂಚ್ ನಿರ್ದೇಶಕರಾದ ಗೊದಾರ್ ಮತ್ತು ಗೊರಿನ್ 1970ರಲ್ಲಿ ಪ್ಯಾಲೆಸ್ಟೀನಿ ಹೋರಾಟಗಾರರನ್ನು ಚಿತ್ರೀಕರಿಸಿದರು, ಸಿನಿಮಾದ ಹೆಸರು 'ಗೆಲ್ಲುವವರೆಗೂ' ಎಂದು ಆಗಲೇ ಗೊತ್ತಾಗಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ಜೋರ್ಡನ್ ಸೈನ್ಯ ಆ ಹೋರಾಟಗಾರರ ಮೇಲೆ ಬಿತ್ತು. ರೀಲಿನಲ್ಲಿದ್ದ ಎಷ್ಟೋ ಜನ ಸತ್ತರು. ವರ್ಷಗಳ ನಂತರ ಗೊದಾರ್ ಮತ್ತು ಆನ್‌-ಮಾರಿ ಮಿಯೆವಿಲ್ ಅದೇ ತುಣುಕುಗಳನ್ನು ಇಟ್ಟುಕೊಂಡು ಬೇರೆಯೇ ಸಿನಿಮಾ ಮಾಡಿದರು. ನಾವು ಘೋಷಣೆಯ ಸದ್ದನ್ನು ಜಾಸ್ತಿ ಮಾಡಿ ಈ ಜನ ಏನು ಹೇಳುತ್ತಿದ್ದರು ಅನ್ನುವುದನ್ನೇ ಕೇಳಿಸಿಕೊಳ್ಳಲಿಲ್ಲ ಅಂತ ಅದರಲ್ಲಿ ತಪ್ಪೊಪ್ಪಿಕೊಳ್ಳುತ್ತಾರೆ. ನನಗೆ ಇವತ್ತಿಗೂ ಹೊಟ್ಟೆ ಹಿಂಡುವ ಸಿನಿಮಾ ಅದು.

ಕತ್ತಲಕೋಣೆ:
ಒಪ್ಪಿದೆ. ಹಾಗೆ ನೋಡಿದರೆ ಅಮೆರಿಕದ ಸಾಕ್ಷ್ಯಚಿತ್ರಕಾರ ಎಮಿಲ್ ಡಿ ಆಂಟೋನಿಯೊ ತಂಡ ಹುಷಾರು. ತಲೆಮರೆಸಿಕೊಂಡಿದ್ದ ವೆದರ್ ಅಂಡರ್‌ಗ್ರೌಂಡ್ ಎಂಬ ಅಮೆರಿಕದ ಉಗ್ರ ಎಡಪಂಥೀಯ ಗುಂಪಿನವರನ್ನು ತೆಳು ಪರದೆಯ ಹಿಂದಿನಿಂದ, ಬೆನ್ನ ಕಡೆಯಿಂದ ತೆಗೆದರು. ಎಫ್‌ಬಿಐ ಬೆನ್ನು ಹತ್ತಿತು, ಫಿಲ್ಮ್ ಒಪ್ಪಿಸಿ ಅಂತ ಸಮನ್ಸ್ ಬಂತು, ಇವರು ಜಗ್ಗಲಿಲ್ಲ. ಹಾಲಿವುಡ್‌ನ ಹಲವರು ಇವರ ಪರ ನಿಂತ ಮೇಲೆ ಸಮನ್ಸ್ ವಾಪಸ್ ಹೋಯಿತು. ಸಿನಿಮಾ 1976ರಲ್ಲಿ ಬಂತು. ನಿಜ ಹೇಳಬೇಕಂದ್ರೆ ಸ್ವಲ್ಪ ಬೋರು, ಗಟ್ಟಿ ಪ್ರಶ್ನೆ ಕೇಳುವುದೇ ಇಲ್ಲ. ಮುಖ ಉಳಿಸಿದರು, ಆದರೆ ಜಗಳ ಆಡಲಿಲ್ಲ.

ಹಳೇರೀಲು:
ಆ ಐಸ್‌ಕ್ರೀಮ್ ಮಗುವನ್ನು ನಾನು ಗಮನಿಸಿಯೇ ಇರಲಿಲ್ಲ. ಇವತ್ತು ರಾತ್ರಿ ಮತ್ತೆ ಹಾಕುತ್ತೇನೆ.