ಬೆಳಿಗ್ಗೆ ಏಳೂಕಾಲಾದ್ರೆ ಡೇಟಾಬೇಸ್ ಮಲಗುತ್ತೆ, ಇನ್‌ಸ್ಟೆನ್ಸ್ (ಬಾಡಿಗೆ ಸರ್ವರ್) ಎರಡು ಸಲ ದೊಡ್ಡದು ಮಾಡಿದ್ರೂ ಅದೇ ಕತೆ

ಡೈರಿಲೆಕ್ಕ:
ಗುರುಗಳೇ ಸ್ವಲ್ಪ ಸಹಾಯ ಬೇಕು. ನಾವಿಬ್ರು ಸೇರ್ಕೊಂಡು ಹಳ್ಳಿ ಡೈರಿಗಳಿಗೆ ಒಂದು ಆ್ಯಪ್ ನಡೆಸ್ತಿದೀವಿ, ರೈತರು ಹಾಲು ಹಾಕಿದ ತಕ್ಷಣ ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಹಾಲಲ್ಲಿರೋ ಉಳಿದ ಘನಾಂಶ) ಎಂಟ್ರಿ ಆಗಿ ಈ ತಿಂಗಳು ಇಲ್ಲೀವರೆಗೆ ನಿಮ್ಮದು ಇಷ್ಟು ಲೀಟರು ಇಷ್ಟು ದುಡ್ಡು ಅಂತ ಅವರ ಫೋನಿಗೆ ಮೆಸೇಜ್ ಹೋಗುತ್ತೆ. ಅಮೆಜಾನ್ ಆರ್‌ಡಿಎಸ್ (ಬಾಡಿಗೆ ಡೇಟಾಬೇಸ್ ಸೇವೆ) ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಮುಂಬೈ ರೀಜನ್, ಡಿಸ್ಕು 100 ಜಿಬಿ, ಜಿಪಿ2 ಅನ್ನೋ ಥರದ್ದು, ಅದ್ರಲ್ಲಿ ಡೇಟಾ ಸುಮಾರು 60 ಜಿಬಿ.

ಡೈರಿ ಓಪನ್ ಆಗೋದು 6ಕ್ಕೆ. 7ರವರೆಗೆ ಬೆಣ್ಣೆ ಥರ ಓಡುತ್ತೆ, 7.15 ಆಸುಪಾಸಿಗೆ ಒಂದು ಎಂಟ್ರಿಗೆ ಹತ್ತು ಹದಿನೈದು ಸೆಕೆಂಡು, ಕ್ಯಾನ್ ಹಿಡ್ಕೊಂಡು ನಿಂತಿರೋ ಜನ ಸೆಕ್ರೆಟರಿಗೆ ಬೈತಾರೆ, ಸೆಕ್ರೆಟರಿ ನಂಗೆ ಫೋನ್ ಮಾಡಿ ಬೈತಾರೆ. ಮೊದ್ಲು ಟಿ3 ಮೀಡಿಯಂ ಅನ್ನೋ ಇನ್‌ಸ್ಟೆನ್ಸ್ ಇತ್ತು, ಟಿ3 ಲಾರ್ಜ್ ಮಾಡಿದ್ವಿ, ಆಮೇಲೆ ಗೊತ್ತಿರೋ ಒಬ್ರು ಹೇಳಿದ್ರು ಅಂತ ಎಂ5 ಲಾರ್ಜ್ ಮಾಡಿದ್ವಿ, ಬಿಲ್ ಏರಿದ್ದಷ್ಟೇ ಬಂತು. ವಿಚಿತ್ರ ಏನಂದ್ರೆ ಸಿಪಿಯು 25% ಕೂಡ ದಾಟಲ್ಲ! ಈಗ ಎಂ5 ಎಕ್ಸ್‌ಲಾರ್ಜ್‌ಗೆ ಹೋಗ್ಲಾ ಇಲ್ಲ ರೀಡ್ ರೆಪ್ಲಿಕಾ (ಓದೋಕೆ ಮಾತ್ರ ಇರೋ ನಕಲು ಡಿಬಿ) ಹಾಕ್ಲಾ?

ಮಲ್ನಾಡ್ ಕೋಡ್:
ಇದೆಲ್ಲ ತಲೆನೋವು ಯಾಕೆ, ಅಮೆಜಾನ್‌ದೇ ಅರೋರಾ ಸರ್ವರ್‌ಲೆಸ್ ಡೇಟಾಬೇಸ್‌ಗೆ ಹಾಕ್ಬಿಡಿ. ಪೀಕ್ ಟೈಮಲ್ಲಿ ಅದೇ ಏರುತ್ತೆ, ಮಧ್ಯಾಹ್ನ ಅದೇ ಇಳಿಯುತ್ತೆ. ದಿನಕ್ಕೆ ಎರಡೇ ಹೊತ್ತು ಕೆಲಸ ಇರೋ ನಿಮ್ಮಂಥೋರಿಗೆ ಹೇಳಿ ಮಾಡಿಸಿದ ಹಾಗಿದೆ.

ಕ್ವೆರಿಕಾಕಾ:
ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು ಇದು. ಸಿಪಿಯು ಸುಮ್ನೆ ಕೂತಿದೆ ಅಂದ್ಮೇಲೆ ಸಿಪಿಯುಗೆ ಯಾಕೆ ದುಡ್ಡು ಸುರೀತೀರಿ? ಅಮೆಜಾನ್‌ನ ಗ್ರಾಫ್ ತೋರಿಸೋ ಕ್ಲೌಡ್‌ವಾಚ್‌ಗೆ ಹೋಗಿ ಬರ್ಸ್ಟ್ ಬ್ಯಾಲೆನ್ಸ್ ಅನ್ನೋ ಗ್ರಾಫ್ ತೆಗೀರಿ, ಪಕ್ಕದಲ್ಲೇ ಡಿಸ್ಕ್ ಕ್ಯೂ ಡೆಪ್ತ್ (ಡಿಸ್ಕಿಗೆ ಕಾಯ್ತಿರೋ ಕೆಲಸದ ಸಾಲು) ಕೂಡ. ಮೊದಲನೇದು 7.15ಕ್ಕೆ ಸೊನ್ನೆ ಮುಟ್ಟಿರುತ್ತೆ, ಎರಡನೇದು ಅದೇ ಹೊತ್ತಿಗೆ ಆಕಾಶ ಮುಟ್ಟಿರುತ್ತೆ, ನೋಡದೇನೇ ಹೇಳ್ತೀನಿ.

ಯಾಕಂದ್ರೆ ಜಿಪಿ2 ಡಿಸ್ಕಲ್ಲಿ ಒಂದು ಜಿಬಿಗೆ 3 ಐಓಪಿಎಸ್ (ಸೆಕೆಂಡಿಗೆ ಎಷ್ಟು ಸಲ ಓದಬಹುದು ಬರೀಬಹುದು ಅನ್ನೋದು) ಲೆಕ್ಕ, ನಿಮ್ಮ 100 ಜಿಬಿಗೆ ಸಿಗೋದು ಬರೀ 300. ಆದ್ರೂ 6ಕ್ಕೆ ಚೆನ್ನಾಗಿ ಓಡೋದು ಯಾಕೆ ಅಂದ್ರೆ 54 ಲಕ್ಷ ಕ್ರೆಡಿಟ್ ಇರೋ ಒಂದು ತೊಟ್ಟಿ ಕೊಟ್ಟಿರ್ತಾರೆ, ಬರ್ಸ್ಟ್ ಬ್ಯಾಲೆನ್ಸ್ ತೋರಿಸೋದು ಅದನ್ನೇ, ಅದ್ರಲ್ಲಿ ನೀರಿರೋವರೆಗೆ 3000ದ ತನಕ ಎಳ್ಕೋಬಹುದು. ನೀವು ಪೀಕಲ್ಲಿ 1500 ಎಳೀತೀರಾ ಅಂದ್ಕೊಳಿ, ಒಳಗೆ ಬರೋದು 300 ಹೊರಗೆ ಹೋಗೋದು 1500, ಸೆಕೆಂಡಿಗೆ 1200 ಖಾಲಿ, 4500 ಸೆಕೆಂಡಿಗೆ ತೊಟ್ಟಿ ತಳ ಕಾಣುತ್ತೆ, ಅಂದ್ರೆ ಒಂದೂಕಾಲು ಗಂಟೆ. 6ಕ್ಕೆ ಒಂದೂಕಾಲು ಸೇರಿಸಿ ನೋಡಿ. ಆಮೇಲೆ ಎಷ್ಟೇ ದೊಡ್ಡ ಇನ್‌ಸ್ಟೆನ್ಸ್ ತಂದ್ರೂ ಡಿಸ್ಕು 300ರ ಮೇಲೆ ಕೊಡಲ್ಲ. ಖಾಲಿ ತೊಟ್ಟಿ ತುಂಬೋಕೆ ಡಿಸ್ಕು ಪೂರ್ತಿ ಸುಮ್ನಿದ್ರೂ 5 ಗಂಟೆ ಬೇಕು, ಹಂಗಾಗಿ ಸಂಜೆ ಹಾಲಿನ ಹೊತ್ತಿಗೆ ಮತ್ತೆ ಎಲ್ಲ ಸರಿ ಇದ್ದಂಗೆ ಕಾಣುತ್ತೆ.

ಜಿಪಿ3ಗೆ ಬದಲಾಯಿಸಿ, ಅದ್ರಲ್ಲಿ ಸಣ್ಣ ಡಿಸ್ಕಿಗೂ 3000 ಐಓಪಿಎಸ್ ಖಾಯಂ, ಕ್ರೆಡಿಟ್ಟು ಗಿಡಿಟ್ಟು ಏನಿಲ್ಲ, ರೇಟು ಹೆಚ್ಚುಕಮ್ಮಿ ಅಷ್ಟೇ. ಡಿಬಿ ನಿಲ್ಲಿಸೋದೂ ಬೇಡ, ಆದ್ರೆ ಸ್ಟೋರೇಜ್ ಆಪ್ಟಿಮೈಸೇಶನ್ ಅಂತ ತೋರಿಸ್ತಾ ಸುಮಾರು ಹೊತ್ತು ಒದ್ದಾಡುತ್ತೆ, ಅದಕ್ಕೆ ರಾತ್ರಿ ಹಾಲೆಲ್ಲ ಮುಗಿದ ಮೇಲೆ ಮಾಡಿ.

ಬೆಂಡೆಕಾಯ್:
ಕಾಕಾ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಯಾರೋ ಬಂದು ಜಿಪಿ2 ಅನ್ನೇ 500 ಜಿಬಿ ಮಾಡು ಐಓಪಿಎಸ್ ತಾನಾಗೇ ಏರುತ್ತೆ ಅಂತಾರೆ, ಮಾತು ನಿಜಾನೇ ಆದ್ರೆ ಮಾಡ್ಬೇಡಿ. ಆರ್‌ಡಿಎಸ್‌ನಲ್ಲಿ ಏರಿಸಿದ ಡಿಸ್ಕು ನೇರವಾಗಿ ವಾಪಸ್ ಇಳಿಸೋಕಾಗಲ್ಲ, ಹೊಸ ಡಿಬಿ ಮಾಡಿ ಡೇಟಾ ಸಾಗಿಸ್ಬೇಕು. ನಾನು ಮಾಡ್ಕೊಂಡು ಎರಡು ವರ್ಷ ಖಾಲಿ ಜಾಗಕ್ಕೆ ಬಾಡಿಗೆ ಕಟ್ಟಿದೀನಿ. ಇನ್ನೊಂದು, ಒಂದ್ಸಲ ಸ್ಟೋರೇಜ್ ಮುಟ್ಟಿದ್ರೆ ಕನಿಷ್ಠ 6 ಗಂಟೆ ಕಾಲ ಮತ್ತೆ ಮುಟ್ಟೋಕೆ ಬಿಡಲ್ಲ, ಯೋಚನೆ ಮಾಡಿ ಬಟನ್ ಒತ್ತಿ.

ಅದಿರ್ಲಿ, ಎಂಟ್ರಿ ಮಾಡೋ ಆ್ಯಪ್‌ಗೆ 1500 ಐಓಪಿಎಸ್ ಯಾಕೆ ಬೇಕು? ನಂಗೆ ಆ ತಿಂಗಳ ಮೊತ್ತದ ಮೆಸೇಜ್ ಮೇಲೆ ಡೌಟು. ರೈತನ ಐಡಿ, ತಾರೀಖು ಎರಡೂ ಸೇರಿ ಇಂಡೆಕ್ಸ್ (ಬೇಗ ಹುಡುಕೋಕೆ ಇರೋ ಪಟ್ಟಿ) ಇದ್ಯಾ? ಆ ಕ್ವೆರಿಗೆ ಎಕ್ಸ್‌ಪ್ಲೇನ್ ಹಾಕಿ, ಅದು ಹೇಗೆ ಓಡುತ್ತೆ ತೋರ್ಸಿ.

ಡೈರಿಲೆಕ್ಕ:
ಕಾಕಾ ನಿಮ್ಮ ಕಾಲಿಗೆ ಬಿದ್ದೆ. ಬರ್ಸ್ಟ್ ಬ್ಯಾಲೆನ್ಸ್ 7.20ಕ್ಕೆ ಸೊನ್ನೆ, ದಿನಾ ಅದೇ ಗೆರೆ.

ಬೆಂಡೆಕಾಯ್, ಹೇಳೋಕೆ ನಾಚಿಕೆ ಆಗುತ್ತೆ, ತಾರೀಖಿನ ಮೇಲೆ ಮಾತ್ರ ಇಂಡೆಕ್ಸ್ ಇದೆ. ಅಂದ್ರೆ ಒಬ್ಬ ರೈತನ ಮೊತ್ತಕ್ಕೆ ಆ ತಿಂಗಳ ಎಲ್ಲಾ ಡೈರಿಯ ಎಲ್ಲಾ ಎಂಟ್ರಿನೂ ಓದ್ತಿದೆ.

ಬೆಂಡೆಕಾಯ್:
ಹಾಗಿದ್ರೆ ತಿಂಗಳ ಕೊನೆ ವಾರದಲ್ಲಿ ಇನ್ನೂ ಜಾಸ್ತಿ ಬೈಗುಳ ಬರ್ತಿರ್ಬೇಕಲ್ಲ? ಮೊದ್ಲು ಜಿಪಿ3 ಆಗ್ಲಿ, ಆಮೇಲೆ ಇಂಡೆಕ್ಸ್ ಕಟ್ಟಿ, ಯಾಕಂದ್ರೆ ಇಂಡೆಕ್ಸ್ ಕಟ್ಟೋಕೂ ಪೂರ್ತಿ ಟೇಬಲ್ ಓದ್ಬೇಕು. ಕನ್‌ಕರೆಂಟ್ಲಿ ಅಂತ ಹಾಕೋದು ಮರೀಬೇಡಿ, ಇಲ್ಲಾಂದ್ರೆ ಮುಗಿಯೋವರೆಗೆ ಆ ಟೇಬಲ್‌ಗೆ ಹೊಸ ಎಂಟ್ರಿ ಬೀಳಲ್ಲ. ಮಧ್ಯದಲ್ಲಿ ಫೇಲ್ ಆದ್ರೆ ಇನ್‌ವ್ಯಾಲಿಡ್ ಇಂಡೆಕ್ಸ್ ಉಳ್ಕೊಳುತ್ತೆ, ಅದನ್ನ ಡ್ರಾಪ್ ಮಾಡಿ ಮತ್ತೆ ಕಟ್ಟಿ.

ಮಲ್ನಾಡ್ ಕೋಡ್:
ಸರಿ ಬಿಡ್ರಪ್ಪಾ, ಸರ್ವರ್‌ಲೆಸ್ ಮಾತು ವಾಪಸ್ ತಗೊಂಡೆ 😄 ಈ ಕ್ವೆರಿ ಇಟ್ಕೊಂಡು ಅಲ್ಲಿಗೆ ಹೋಗಿದ್ರೆ ಅದು ಏರ್ತಾ ಏರ್ತಾ ಮನೆ ಮಾರಿಸ್ತಿತ್ತು. ರೀಡ್ ರೆಪ್ಲಿಕಾನೂ ಇಲ್ಲಿಗೆ ಆಗ್ಬರಲ್ಲ, ಅದು ಸ್ವಲ್ಪ ಹಿಂದೆ ಓಡ್ತಿರುತ್ತೆ, ಈಗ ಹಾಕಿದ ಹಾಲು ಮೊತ್ತದಲ್ಲಿ ಇಲ್ಲ ಅಂತ ರೈತ ಜಗಳಕ್ಕೆ ಬರ್ತಾನೆ.

ಡೈರಿಲೆಕ್ಕ:
ಅಪ್‌ಡೇಟ್: ಮೊನ್ನೆ ರಾತ್ರಿ ಜಿಪಿ3, ನಿನ್ನೆ ರಾತ್ರಿ ಇಂಡೆಕ್ಸ್. ಇವತ್ತು ಬೆಳಿಗ್ಗೆ ಪೀಕಲ್ಲೂ ಐಓಪಿಎಸ್ 200 ದಾಟಿಲ್ಲ, ಅಂದ್ರೆ ಹಳೇ ಡಿಸ್ಕೇ ಸಾಕಿತ್ತೇನೋ! ಫೋನ್ ಒಂದೂ ಬರ್ಲಿಲ್ಲ, ನಾನೇ ಗಾಬರಿಯಾಗಿ ಒಬ್ಬ ಸೆಕ್ರೆಟರಿಗೆ ಫೋನ್ ಮಾಡಿ ಕೇಳ್ದೆ. ಈಗ ಎಂ5 ಬಿಟ್ಟು ವಾಪಸ್ ಟಿ3 ಮೀಡಿಯಂಗೆ ಇಳೀಬಹುದಾ? ಭಾನುವಾರ ಮಧ್ಯಾಹ್ನ ಮಾಡೋಣ ಅಂತಿದೀನಿ.

ಕ್ವೆರಿಕಾಕಾ:
ಇಳೀರಿ, ಇನ್‌ಸ್ಟೆನ್ಸ್ ಡಿಸ್ಕಿನ ಥರ ಅಲ್ಲ, ಯಾವಾಗ ಬೇಕಾದ್ರೂ ಹತ್ತಿ ಇಳಿಬಹುದು. ಆದ್ರೆ ಒಂದೇ ಸಲ ಮೀಡಿಯಂ ಬೇಡ, ಮೆಮೊರಿ 8 ಜಿಬಿಯಿಂದ 4ಕ್ಕೆ ಬೀಳುತ್ತೆ, ಮೆಮೊರಿ ಕ್ಯಾಶ್‌ನಲ್ಲಿ (ಓದಿದ ಡೇಟಾ ಇಟ್ಕೊಳೋ ಜಾಗ) ಹಿಡಿಸ್ತಿದ್ದದ್ದು ಹಿಡಿಸದೆ ಮತ್ತೆ ಡಿಸ್ಕಿಗೆ ಓಡುತ್ತೆ. ಟಿ3 ಲಾರ್ಜ್ ಕೂಡ 8 ಜಿಬಿನೇ, ಅದಕ್ಕೆ ಹೋಗಿ ಒಂದು ತಿಂಗಳು ನೋಡಿ. ಟಿ3 ಆರ್‌ಡಿಎಸ್‌ನಲ್ಲಿ ಅನ್‌ಲಿಮಿಟೆಡ್ ಮೋಡಲ್ಲಿ ಓಡುತ್ತೆ, ಸಿಪಿಯು ಕ್ರೆಡಿಟ್ (ಡಿಸ್ಕಿನ ತೊಟ್ಟಿ ಥರದ್ದೇ) ಮುಗಿದ್ರೆ ನಿಧಾನ ಆಗಲ್ಲ, ಸುಮ್ನೆ ಬಿಲ್ಲಿಗೆ ಸೇರ್ಸುತ್ತೆ, ಅದ್ರ ಮೇಲೊಂದು ಅಲಾರಂ ಇಟ್ಕೊಳಿ. ಬದಲಾಯಿಸುವಾಗ ಮಾತ್ರ ಕೆಲವು ನಿಮಿಷ ಡಿಬಿ ಇರಲ್ಲ, ಮಧ್ಯಾಹ್ನ ಮಾಡಿ ಏನಾದ್ರೂ ಕೈಕೊಟ್ರೆ ಸಂಜೆ ಹಾಲಿನ ಹೊತ್ತು ಬಂದೇಬಿಡುತ್ತೆ, ಹಸು ಏನು ಭಾನುವಾರ ಅಂತ ರಜೆ ಹಾಕಲ್ಲ. ರಾತ್ರಿ ಹತ್ತರ ಮೇಲೆ ಮಾಡಿ.