‘ದೊಡ್ಮನೆ ಬಳಗ’ ಗುಂಪಿಗೆ ಬಂದ ಮರಿಯ ವಿಡಿಯೊ

ದೊಡ್ಡಪ್ಪ: (ಫಾರ್ವರ್ಡ್ ಆದ ವಿಡಿಯೊ) ತಾಯಿ ಬಿಟ್ಟು ಹೋದ ಜಿಂಕೆ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿದ ರೈತ! ಮಾನವೀಯತೆ ಇನ್ನೂ ಸತ್ತಿಲ್ಲ. 10 ಗುಂಪಿಗೆ ಕಳಿಸಿ.

ಗಿರಿಜತ್ತೆ: 🙏🙏 ಇಂಥವರು ಇರೋದಕ್ಕೇ ಮಳೆ ಬೆಳೆ ಆಗ್ತಿರೋದು. ಈಗಿನ ಹುಡುಗ್ರಿಗೆ ಮನೆ ಎಮ್ಮೆಗೆ ನೀರಿಡೋಕೂ ಪುರುಸೊತ್ತಿಲ್ಲ.

ಪ್ರದೀಪ: ಎಲ್ಲಿಯ ವಿಡಿಯೊ? ಯಾವತ್ತಿನದು? ಸೂಳೆಕೆರೆಯಲ್ಲಿ ಮೊಸಳೆ ಅಂತ ಹಾಕಿದ್ದೂ ನೀವೇ ದೊಡ್ಡಪ್ಪ.

ದೊಡ್ಡಪ್ಪ: ಇದು ನಮ್ ಜಗಳೂರು ಕಡೇದೇ ಕಣಪ್ಪ. ಈರಣ್ಣನ ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಇವತ್ತು ಬೆಳಿಗ್ಗೆ ಸಿಕ್ಕಿದ್ದು. ಮರಿ ಪಕ್ಕದ ಹೊಲದೋರ ಮನೇಲೈತೆ.

ರೂಪಾ: ದೊಡ್ಡಪ್ಪ, ಅದು ಜಿಂಕೆ ಅಲ್ಲ, ಕೊಂಡುಕುರಿ. ಚುಕ್ಕಿ ಜಿಂಕೆ ಮರಿಗೆ ಹುಟ್ಟುವಾಗಲೇ ಬಿಳಿ ಚುಕ್ಕಿ ಇರ್ತಾವೆ. ಇದರ ಮೈಯೆಲ್ಲ ಒಂದೇ ಕಂದು. ವಿಡಿಯೊ ನಿಲ್ಲಿಸಿ ಕಾಲು ನೋಡಿ, ಮುಂಭಾಗದಲ್ಲಿ ಉದ್ದಕ್ಕೆ ಕಪ್ಪು ಗೆರೆ ಐತೆ.

ಪ್ರದೀಪ: ಕೊಂಡುಕುರಿಗೆ ನಾಲ್ಕು ಕೊಂಬು. ಇದಕ್ಕೆ ಒಂದೂ ಇಲ್ವಲ್ಲ?

ರೂಪಾ: ಕೊಂಬು ಬರೋದು ಗಂಡಿಗೆ ಮಾತ್ರ, ಅದೂ ಬೆಳೆದ ಮೇಲೆ. ಹಿಂದಿನ ಜೋಡಿ ಸುಮಾರು 8-10 ಸೆಂ.ಮೀ., ಹಣೆ ಮೇಲಿಂದು ಅದರ ಅರ್ಧವೂ ಇರಲ್ಲ. ಭಾರತ, ನೇಪಾಳ ಬಿಟ್ರೆ ಈ ಪ್ರಾಣಿ ಬೇರೆಲ್ಲೂ ಇಲ್ಲ. ನಮ್ ಜಗಳೂರಿನ ರಂಗಯ್ಯನದುರ್ಗವನ್ನ 2011ರಲ್ಲಿ ಅಭಯಾರಣ್ಯ ಮಾಡಿದ್ದೇ ಇದಕ್ಕೋಸ್ಕರ.

ಮಂಜು: ರಂಗಯ್ಯನದುರ್ಗ ಅಂದ್ರೆ ಅಜ್ಜಿ ಊರಿನ ದಾರಿ! ಆಗ ಜಗಳೂರು ಚಿತ್ರದುರ್ಗ ಜಿಲ್ಲೆ, 1997ರಲ್ಲಿ ದಾವಣಗೆರೆಗೆ ಸೇರಿದ್ದು. ಬಸ್ ಇಳಿದ ತಕ್ಷಣ ಮಂಡಕ್ಕಿ, ಮೆಣಸಿನಕಾಯಿ ಬೋಂಡ. ಆ ಕಾರ ಈಗೆಲ್ಲಿ?

ಗಿರಿಜತ್ತೆ: ರೂಪಾ, ಹಸಿದ ಮರಿಗೆ ಹಾಲು ಹಾಕೋದೂ ತಪ್ಪಾ? ನಾಲ್ಕು ಅಕ್ಷರ ಕಲಿತ ಮೇಲೆ ಹಿರಿಯರು ಮಾಡಿದ್ದೆಲ್ಲ ತಪ್ಪೇ ಕಾಣುತ್ತೆ.

ರೂಪಾ: ಅತ್ತೆ, ಅವರ ಮನಸ್ಸು ಒಳ್ಳೇದೇ. ಆದರೆ ಮರಿ ಅನಾಥ ಅಲ್ಲ. ಮೊದಮೊದಲು ತಾಯಿ ಮರಿಯನ್ನ ಹುಲ್ಲಲ್ಲಿ ಅಡಗಿಸಿ ದೂರ ಹೋಗಿ ಮೇಯುತ್ತೆ, ಆಗಾಗ ಬಂದು ಹಾಲೂಡಿಸುತ್ತೆ. ಮರಿ ಮೈ ವಾಸನೆ ತೀರ ಕಮ್ಮಿ, ಅಲುಗಾಡದೆ ಬಿದ್ದಿದ್ರೆ ನಾಯಿಗೂ ಸುಲಭಕ್ಕೆ ಸಿಗಲ್ಲ. ಹಸುವಿನ ಹಾಲು ಅದಕ್ಕೆ ಒಗ್ಗಲ್ಲ, ಭೇದಿ ಹತ್ತಿ ಮೈಯ ನೀರೆಲ್ಲ ಹೋಗುತ್ತೆ. ಕತ್ತು ಹಿಂದಕ್ಕೆ ಬಗ್ಗಿಸಿ ಬಾಟಲಿ ಇಟ್ರೆ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತೆ. ಜನ ಸುತ್ತುಗಟ್ಟಿ ಎತ್ತಾಡಿದ್ರೆ ಹೆದರಿಕೆಗೇ ಸಾಯಬಹುದು.

ಪ್ರದೀಪ: ಮನುಷ್ಯರು ಮುಟ್ಟಿದ್ರೆ ತಾಯಿ ಸೇರಿಸಲ್ಲ ಅಂತಾರಲ್ಲ?

ರೂಪಾ: ಮುಟ್ಟಿದ್ದಕ್ಕೇ ತಾಯಿ ಮರಿ ಬಿಡೋದು ಅಪರೂಪ. ಈಗಲೇ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡ್ಲಿ, ಅರಣ್ಯದೋರು ಹೇಳಿದಂಗೆ ಸಂಜೆಯೊಳಗೆ ಎತ್ತಿದ ಜಾಗಕ್ಕೇ ಬಿಡಲಿ. ಬೇರೆ ಪೊದೆಗೆ ಬಿಟ್ರೆ ತಾಯಿ ಹುಡುಕೋದು ಕಷ್ಟ. ಬಿಟ್ಟ ಮೇಲೆ ಅಲ್ಲಿ ಯಾರೂ ನಿಲ್ಲಬಾರದು, ಜನ ಕಂಡ್ರೆ ತಾಯಿ ಹತ್ರ ಬರಲ್ಲ. ಗಾಯ ಆಗಿದ್ರೆ, ಮೈಗೆ ನೊಣ ಮುತ್ತಿದ್ರೆ ಮಾತ್ರ ಬಿಡೋದು ಬೇಡ, ರಟ್ಟಿನ ಡಬ್ಬದಲ್ಲಿ ಕತ್ತಲಲ್ಲಿ ಇಟ್ಟು ಸಿಬ್ಬಂದಿಗೆ ಕಾಯಲಿ. ಸಾಕ್ತೀವಿ ಅಂತ ಇಟ್ಕೊಂಡ್ರೆ ಕೇಸು. ವನ್ಯಜೀವಿ ಕಾನೂನಿನಲ್ಲಿ ಹಿಡಿಯೋದೂ ಬೇಟೆನೇ, ಕೊಂಡುಕುರಿಯಂಥ ಮೊದಲ ಅನುಸೂಚಿಯ (ಹೆಚ್ಚಿನ ರಕ್ಷಣೆ ಇರೋ ಪಟ್ಟಿ) ಪ್ರಾಣಿಗೆ 3ರಿಂದ 7 ವರ್ಷ ಜೈಲು.

ಈರಣ್ಣ ಚಿಕ್ಕಪ್ಪ: ಕಾನೂನು ನಮಗೆ ಮಾತ್ರನಾ? ಹಂದಿಗೆ ಅಂತ ನಮ್ಮ ಬದುವಿಗೆ ಕರೆಂಟ್ ತಂತಿ ಎಳೆಸಿದ್ದು ಯಾರು, ಹೇಳಣ್ಣ.

ದೊಡ್ಡಪ್ಪ: ಬೆಳೆ ಹೋದಾಗ ನೀನು ಬಂದು ಕಾದಿದ್ಯಾ? ಗುಂಪಿನಲ್ಲಿ ಮರ್ಯಾದೆ ತೆಗೀಬೇಡ.

ಮಂಜು: ಅಜ್ಜ ಇದ್ದಾಗ ಅಲ್ಲಿ ಬರೀ ಕತ್ತಾಳೆ ಬೇಲಿ ಇತ್ತು.

ರೂಪಾ: ತಂತಿ ಇನ್ನೂ ಐತಾ? ಸೋಲಾರ್ ಬೇಲಿ ಕ್ಷಣಕ್ಕೊಂದು ಏಟು ಕೊಟ್ಟು ಬಿಡುತ್ತೆ, ಪ್ರಾಣಿ ಹಿಂದೆ ಸರಿಯುತ್ತೆ. ಕಂಬದಿಂದ ಎಳೆದ 230 ವೋಲ್ಟ್ ನಿಲ್ಲದೆ ಹರಿಯುತ್ತೆ, ಸ್ನಾಯು ಬಿಗಿದು ಬಿಡಿಸಿಕೊಳ್ಳಕ್ಕೇ ಆಗಲ್ಲ. ರಾತ್ರಿ ಮರಿ ಹುಡುಕಿ ತಾಯಿ ಬರೋದೂ ಅದೇ ಬದುವಿಗೆ.

ಗಿರಿಜತ್ತೆ: ಅಣ್ಣಾ, ಮೊದಲು ಅದನ್ನ ಬಿಚ್ಚಿಸು.

ದೊಡ್ಡಪ್ಪ: ಮೊನ್ನೆ ಶ್ರಾವಣದಲ್ಲೇ ತೆಗೆಸಿದೀನಿ. ಈರಣ್ಣ ನೋಡೇ ಇಲ್ಲ.

ಈರಣ್ಣ ಚಿಕ್ಕಪ್ಪ: ಸರಿ. 1926ಕ್ಕೆ ಮಾತಾಡಿದೆ, ಗಾರ್ಡ್ ಹೊರಟಿದಾರೆ. ಎತ್ತಿದ ಜಾಗ ನಮ್ಮ ಹುಡುಗನಿಗೆ ಗೊತ್ತು, ಬಾಂದುಕಲ್ಲಿನ ಪಕ್ಕ. ನಾಯಿ ಎರಡನ್ನೂ ಕಟ್ಟಿಸ್ತಿದೀನಿ. ಬೇಲಿ ಮಾತು ಹಬ್ಬಕ್ಕೆ ಬಂದಾಗ ಕೂತು ಆಡೋಣ ಅಣ್ಣ.