ವಿಆರ್ ಲೇತ್‌ನಲ್ಲಿ ಡಯಲ್ ನಿಲ್ಲುತ್ತಿಲ್ಲ, ಹುಡುಗರ ಭುಜ ಬೇರೆ ನೋಯುತ್ತದೆ

ಟರ್ನರ್ ಮೇಷ್ಟ್ರು:

ನಮಸ್ಕಾರ. ನಾನು ಐಟಿಐಯಲ್ಲಿ ಟರ್ನರ್ ವಿಭಾಗದ ಮೇಷ್ಟ್ರು. ಪ್ರೋಗ್ರಾಮಿಂಗ್ ನನ್ನ ಕಸುಬಲ್ಲ. ಆಟ, ವಿಆರ್ ದೃಶ್ಯ ಕಟ್ಟುವ ಯೂನಿಟಿ ಎಂಬ ಸಾಫ್ಟ್‌ವೇರಿನ ಅಆಇಈ ಹೇಳಿಕೊಟ್ಟವಳು ಮಗಳು, ಉಳಿದದ್ದು ರಾತ್ರಿ ಊಟವಾದ ಮೇಲಿನ ಯೂಟ್ಯೂಬ್.

ನಮ್ಮಲ್ಲಿ ಲೋಹದ ಸರಳನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರ ನಾಲ್ಕು, ಹುಡುಗರು ಇಪ್ಪತ್ತು. ಸರದಿ ಬರುವವರೆಗೆ ಕಿಟಕಿಗೆ ಒರಗಿ ನಿಲ್ಲುವ ಬದಲು ಕೈ ಪಳಗಿಸಿಕೊಳ್ಳಲಿ ಎಂದು, ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್‌ನೊಳಗೆ ಒಂದು ಲೇತ್ ಕಟ್ಟಿದ್ದೇನೆ. ಕಂಟ್ರೋಲರ್ ಬೇಡ, ಬರಿಗೈಯಲ್ಲೇ ಮಾಡಲಿ ಎಂದು ಹಟ ಹಿಡಿದವನೂ ನಾನೇ. ಈಗ ಆ ಹಟದ ಫಲ ಉಣ್ಣುತ್ತಿದ್ದೇನೆ.

ಸರಳನ್ನು ಕಚ್ಚಿ ಹಿಡಿಯುವ ಚಕ್ ಅನ್ನು ಬಿಗಿ ಮಾಡುವ ಚಕ್ ಕೀ ಮೂರು ಮೀಟರ್ ಆಚೆಯ ಗೋಡೆಯ ಹಲಗೆಯ ಮೇಲಿದೆ. ಕೈಯಿಂದ ಹೊರಡುವ ಕಿರಣವನ್ನು ಅದರ ಮೇಲೆ ಇಟ್ಟು ಎರಡು ಬೆರಳು ಚಿವುಟಿದರೆ ಅದು ಕೈಗೆ ಬರಬೇಕು. ಚಿವುಟಿದ ಗಳಿಗೆಯಲ್ಲೇ ಕಿರಣ ಜಾರಿ ಪಕ್ಕದ ಸ್ಪ್ಯಾನರ್ ಬರುತ್ತದೆ. ಇನ್ನು ಕ್ರಾಸ್ ಸ್ಲೈಡ್, ಅಂದರೆ ಹಿಡಿಕೆ ತಿರುಗಿಸಿದಾಗ ಕತ್ತರಿಸುವ ಟೂಲನ್ನು ಸರಳಿನತ್ತ ಸರಿಸುವ ಭಾಗ. ನಮ್ಮ ಯಂತ್ರದಲ್ಲಿ ಅದರ ಸ್ಕ್ರೂ 5 ಮಿ.ಮೀ. ಪಿಚ್ (ಒಂದು ಸುತ್ತಿಗೆ ಟೂಲ್ ಅಷ್ಟು ಸರಿಯುತ್ತದೆ), ಹಿಡಿಕೆಯ ಡಯಲ್ ಮೇಲೆ 100 ಗೆರೆ. ಅಂದರೆ ಒಂದು ಗೆರೆಗೆ 0.05 ಮಿ.ಮೀ., ಸರಳಿನ ವ್ಯಾಸದಲ್ಲಿ 0.1. ಹುಡುಗ ಸರಿಯಾದ ಗೆರೆಗೆ ತಂದು ನಿಲ್ಲಿಸುತ್ತಾನೆ, ಬೆರಳು ಬಿಡಿಸುವಾಗ ಮೂರು ಗೆರೆ ಮುಂದೆ ಹೋಗಿರುತ್ತದೆ. ಹತ್ತು ನಿಮಿಷಕ್ಕೆಲ್ಲ ಭುಜ ಹಿಡಿದುಕೊಂಡು ಕೂರುತ್ತಾರೆ. ಒಬ್ಬನಂತೂ "ಸರ್, ಇದಕ್ಕಿಂತ ನಿಜವಾದ ಲೇತ್‌ನಲ್ಲೇ ದಣಿವು ಕಡಿಮೆ" ಎಂದ. ಬೈಯಲು ಬಾಯಿ ಬರಲಿಲ್ಲ.

ಕೋಲ್ಮಿಂಚು:

ಮೇಷ್ಟ್ರೇ, ಮೊದಲ ತೊಂದರೆ ನಿಮ್ಮೊಬ್ಬರದಲ್ಲ. ಗುಂಡಿ ಒತ್ತುವ, ಚಿವುಟುವ ಕ್ರಿಯೆಯೇ ಗುರಿಯನ್ನು ಅಲುಗಿಸುವುದಕ್ಕೆ ಈ ಕ್ಷೇತ್ರದವರು ಹೈಸನ್‌ಬರ್ಗ್ ಪರಿಣಾಮ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ: ಮಣಿಕಟ್ಟು ಒಂದು ಡಿಗ್ರಿ ತಿರುಗಿದರೆ ಮೂರು ಮೀಟರ್ ದೂರದಲ್ಲಿ ಕಿರಣ ಐದು ಸೆಂಟಿಮೀಟರ್ ಸರಿದಿರುತ್ತದೆ. ನಿಮ್ಮ ಸ್ಪ್ಯಾನರ್ ಅಷ್ಟೇ ದೂರದಲ್ಲಿ ಇರಬೇಕು.

ಮದ್ದು ಸುಲಭ. ಕೈಯ ಹಳೆಯ ಸ್ಥಾನಗಳನ್ನು ಒಂದಿಷ್ಟು ಹೊತ್ತು ನೆನಪಿನಲ್ಲಿ ಇಟ್ಟುಕೊಂಡು, ಚಿವುಟಿದಾಗ ಆ ಗಳಿಗೆಯದ್ದನ್ನಲ್ಲ, ಬೆರಳು ಮಡಚಲು ಶುರುವಾಗುವ ಮುಂಚಿನದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಬಿಡುವಾಗಲೂ ಹಾಗೆಯೇ. ನಿಮ್ಮ ಮೂರು ಗೆರೆಯ ಕಾಟ ಅರ್ಧ ಅಲ್ಲೇ ತೀರುತ್ತದೆ.

ನಡುಕಕ್ಕೆ 2012ರಲ್ಲಿ ಬಂದ ಒನ್ ಯೂರೋ ಫಿಲ್ಟರ್ ಹಾಕಿ. ಕೈ ನಿಧಾನವಾಗಿದ್ದಾಗ ಹೆಚ್ಚು ಸೋಸುತ್ತದೆ, ಬೀಸಿದಾಗ ಸೋಸುವುದನ್ನು ಕಡಿಮೆ ಮಾಡಿ ಹಿಂದೆ ಬೀಳದಂತೆ ನೋಡಿಕೊಳ್ಳುತ್ತದೆ. ಸದಾ ಒಂದೇ ಸಮ ಸೋಸುವ ಫಿಲ್ಟರ್ ಹಾಕಿದರೆ ಹಿಡಿಕೆ ಬೆಲ್ಲದ ಪಾಕದಲ್ಲಿ ಸಿಕ್ಕಿಕೊಂಡ ಹಾಗಾಗುತ್ತದೆ. ಅಷ್ಟಕ್ಕೂ ಚಕ್ ಕೀ ಅಷ್ಟು ದೂರ ಯಾಕಿದೆ?

ಟರ್ನರ್ ಮೇಷ್ಟ್ರು:

ನಮ್ಮ ವರ್ಕ್‌ಶಾಪಿನಲ್ಲಿ ಅದು ಅಲ್ಲೇ ಇದೆ! ಕೀಯನ್ನು ಚಕ್‌ನಲ್ಲೇ ಬಿಟ್ಟು ಮೋಟಾರ್ ಹಾಕಬಾರದು ಎಂಬುದು ಮೊದಲ ದಿನದ ಪಾಠ, ಅದಕ್ಕೇ ಎದ್ದು ಹೋಗಿ ಇಟ್ಟು ಬರಲಿ ಎಂದು ದೂರ ಇಟ್ಟಿದ್ದೇವೆ. ಹೆಡ್‌ಸೆಟ್‌ನಲ್ಲಿ ಎದ್ದು ಹೋಗುವವರೇ ಇಲ್ಲ ಎಂಬುದು ಹೊಳೆದಿರಲಿಲ್ಲ.

ಜವಾರಿ ಜೋಳ:

ಸರ್, ಭುಜದ ನೋವಿಗೆ ಒಂದು ಪ್ರಶ್ನೆ. ನಿಮ್ಮ ವಿಆರ್ ಲೇತ್‌ನ ಹಿಡಿಕೆ ಎಷ್ಟು ಎತ್ತರದಲ್ಲಿದೆ? ನಿಜವಾದದ್ದರಲ್ಲಿ ಸೊಂಟಕ್ಕಿಂತ ತುಸು ಮೇಲಿರುತ್ತದೆ ಅಲ್ಲವೇ?

ಟರ್ನರ್ ಮೇಷ್ಟ್ರು:

ಎದೆಯ ಮಟ್ಟಕ್ಕೆ ಎತ್ತಿದ್ದೇನೆ ಮೇಡಂ. ಸೊಂಟದ ಮಟ್ಟದಲ್ಲಿ ಇಟ್ಟಾಗ ಹುಡುಗ ತಲೆ ಎತ್ತಿ ಚಕ್ ನೋಡಿದ ಕೂಡಲೇ ಕೈ ಮಾಯವಾಗುತ್ತಿತ್ತು.

ಜವಾರಿ ಜೋಳ:

ಅದೇ ನೋಡಿ. ಹೆಡ್‌ಸೆಟ್‌ನ ಕ್ಯಾಮೆರಾಗಳಿಗೆ ಕಾಣುವಷ್ಟೇ ಕೈ, ಕಾಣದಿದ್ದರೆ ಇಲ್ಲ. ಅದಕ್ಕೆ ಎಲ್ಲರೂ ವಸ್ತುಗಳನ್ನು ಮೇಲೆತ್ತುತ್ತಾರೆ, ತೋಳು ಗಾಳಿಯಲ್ಲಿ ತೂಗುತ್ತದೆ. ನಿಲುವಿನ ಟಚ್ ಸ್ಕ್ರೀನ್ ಬಂದ ಕಾಲದಿಂದಲೂ ಇದಕ್ಕೆ ಗೊರಿಲ್ಲಾ ತೋಳು ಎಂದೇ ಹೆಸರು. ನಾನಾದರೆ ಹಿಡಿಕೆಯನ್ನು ಒಂದು ಗೇಣು ಕೆಳಗಿಳಿಸಿ, ಹುಡುಗನ ಮುಂದೆ ನಿಜವಾದ ಮೇಜೊಂದನ್ನು ಇಡುತ್ತೇನೆ. ಮೊಣಕೈ ಅದರ ಮೇಲೆ ಊರಲಿ. ಭುಜಕ್ಕೂ ಆಸರೆ, ನಡುಕವೂ ಕಡಿಮೆ.

ನಿಖರತೆಗೆ ಬೇರೆ ದಾರಿಯೂ ಇದೆ. 2005ರಲ್ಲಿ ಫ್ರೀಸ್ ಮತ್ತು ಕೆಸ್ಲರ್ ಎಂಬವರು ಪ್ರಿಸಂ ಎಂಬ ವಿಧಾನ ಮಾಡಿದರು. ಕೈ ಬೇಗ ಚಲಿಸಿದರೆ ವಸ್ತುವೂ ಅಷ್ಟೇ ಚಲಿಸುತ್ತದೆ, ನಿಧಾನವಾದರೆ ಕೈಗಿಂತ ಕಡಿಮೆ ಚಲಿಸುತ್ತದೆ. ನಿಧಾನ ಮಾಡಿದವನಿಗೆ ನಿಖರತೆ ಬೇಕಾಗಿದೆ ಎಂಬ ಊಹೆ.

ಟರ್ನರ್ ಮೇಷ್ಟ್ರು:

ಮೇಜಿನ ಮಾತು ಒಪ್ಪಿದೆ. ಎರಡನೆಯದು ಮನಸ್ಸಿಗೆ ಬರುತ್ತಿಲ್ಲ. ಕೈ ಇಷ್ಟು ಹೋದರೆ ಹಿಡಿಕೆ ಅದಕ್ಕಿಂತ ಕಡಿಮೆ ಹೋಗುವುದು ಮೋಸವಲ್ಲವೇ? ಕೈಗೆ ಕಲಿಸಲು ಹೊರಟವನು ಕೈಗೇ ಸುಳ್ಳು ಹೇಳಬಾರದು.

ಕೋಲ್ಮಿಂಚು:

ಮೇಷ್ಟ್ರೇ, ನಿಮ್ಮ ಕ್ರಾಸ್ ಸ್ಲೈಡ್ ಮಾಡುವುದೂ ಅದನ್ನೇ ಅಲ್ಲವೇ? ಹಿಡಿಕೆಯ ತಿರುಗಣೆ 12 ಸೆಂ.ಮೀ. ಅಗಲವಿದ್ದರೆ ಒಂದು ಸುತ್ತಿಗೆ ಕೈ ಸುಮಾರು 38 ಸೆಂ.ಮೀ. ಹೋಗುತ್ತದೆ, ಟೂಲ್ ಸರಿಯುವುದು ನೀವೇ ಹೇಳಿದ 5 ಮಿಲಿಮೀಟರ್.

ಟರ್ನರ್ ಮೇಷ್ಟ್ರು (ಹತ್ತು ದಿನದ ನಂತರ):

ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಕೊನೆಗೆ ಪ್ರಿಸಂ ಬಿಟ್ಟು ನಮ್ಮ ಕಸುಬಿನದೇ ದಾರಿ ಹಿಡಿದೆ. ಬಿಗಿ ನಟ್ಟಿಗೆ ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಉದ್ದ ಮಾಡುತ್ತೇವಲ್ಲ, ಹಾಗೆ. ಹಿಡಿಕೆಯನ್ನು ಚಿವುಟಿ ಹಿಡಿದ ಮೇಲೆ ಕೈಯನ್ನು ನಡುಬಿಂದುವಿನಿಂದ ದೂರಕ್ಕೆ ಎಳೆದರೂ ಹಿಡಿತ ಬಿಡುವುದಿಲ್ಲ, ಡಯಲ್ ಕೈ ಇರುವ ಕೋನವನ್ನಷ್ಟೇ ನೋಡುತ್ತದೆ. 6 ಸೆಂ.ಮೀ. ದೂರದಲ್ಲಿ ಕೈ ನಾಲ್ಕು ಮಿಲಿಮೀಟರ್ ಹೋದರೆ ಒಂದು ಗೆರೆ. 30ಕ್ಕೆ ಎಳೆದುಕೊಂಡರೆ ಅದೇ ಒಂದು ಗೆರೆಗೆ ಎರಡು ಸೆಂಟಿಮೀಟರ್ ಸಿಗುತ್ತದೆ. ಕೈಗೆ ಸುಳ್ಳು ಹೇಳಿದ ಹಾಗೂ ಆಗಲಿಲ್ಲ. ಹಿಡಿಕೆಯಿಂದ ಕೈಯವರೆಗೆ ತೆಳು ಕೆಂಪು ಗೆರೆ ಎಳೆದಿದ್ದೇನೆ, ಎಷ್ಟು ಉದ್ದ ಹಿಡಿದಿದ್ದೇನೆ ಎಂದು ಗೊತ್ತಾಗಲಿ ಎಂದು.

ಡಯಲ್ ಗೆರೆಗೆ ತಾನಾಗಿ ಕಚ್ಚಿಕೊಳ್ಳುವ ಹಾಗೆ ಮಾಡು ಎಂದಳು ಮಗಳು. ಆಗುವುದಿಲ್ಲ ಎಂದೆ. ನಿಜವಾದ ಲೇತ್‌ನಲ್ಲಿ ಗೆರೆ ದಾಟಿದರೆ ಅರ್ಧ ಸುತ್ತು ಹಿಂದೆ ಬಂದು, ಸ್ಕ್ರೂವಿನ ಸಡಿಲ ತೀರಿಸಿಕೊಂಡು ಮತ್ತೆ ಮುಂದೆ ಹೋಗಬೇಕು. ಆ ಬ್ಯಾಕ್‌ಲ್ಯಾಷ್ ಸೇರಿಸಲು ಎರಡು ರಾತ್ರಿ ಕೂತಿದ್ದೇನೆ, ಅದನ್ನು ಕಳೆದುಕೊಂಡರೆ ಹುಡುಗರಿಗೆ ಏನು ಕಲಿಸಿದ ಹಾಗಾಯಿತು?

ಚಕ್ ಕೀ ಈಗ ಬಲಗಡೆ ಕೈಯಳತೆಯಲ್ಲಿದೆ, ಕಿರಣವೇ ಬೇಡ. ಮೊಣಕೈಗೆ ಸ್ಟಾಫ್ ರೂಮಿನ ಹಳೆಯ ಮೇಜು. ಮೊನ್ನೆ ಒಬ್ಬ ಇಪ್ಪತ್ತೈದು ನಿಮಿಷ ಕೂತ, ಭುಜದ ಸುದ್ದಿ ಎತ್ತಲಿಲ್ಲ.

ಹೊಸ ತೊಂದರೆ ಒಂದಿದೆ. ಅದೇ ಹುಡುಗ ಆಮೇಲೆ ನಿಜವಾದ ಲೇತ್ ಮುಂದೆ ನಿಂತ. ಕೊನೆಯ ಎರಡು ಗೆರೆ ಬಾಕಿ ಇರುವಾಗ ಹಿಡಿಕೆ ಬಿಟ್ಟು, ಬರಿಗೈಯನ್ನು ಗಾಳಿಯಲ್ಲಿ ಹೊರಕ್ಕೆ ಎಳೆದ. ಇದಕ್ಕೇನು ಮಾಡುವುದು?